ಸಂಸೆಯ ಕಾಫಿ ಚೀಲಕ್ಕೆ ಎರಡು ರೇಟು

ಇವತ್ತಿನ ಕಂತಿನಲ್ಲಿ ಷೇರುಪೇಟೆಯ ಒಂದು ಪಾತ್ರದ ಕಥೆ: ಮಾರ್ಕೆಟ್ ಮೇಕರ್. ಆದ್ರೆ ನಾವು ಹೋಗ್ತಿರೋದು ದಲಾಲ್ ಸ್ಟ್ರೀಟಿಗಲ್ಲ, ಕಳಸದಿಂದ ಕುದುರೆಮುಖಕ್ಕೆ ಹೋಗೋ ದಾರಿಯ ಸಂಸೆಗೆ.

ಮೊದಲು ಅವನ್ಯಾರು ಅಂತ ನೋಡೋಣ. ನೀವು ಷೇರು ಮಾರೋಕೆ ಹೊರಟಾಗ ಕೊಳ್ಳೋರೇ ಇಲ್ದಿದ್ರೆ? ಅಲ್ಲಿ ಒಬ್ಬ ‘98ಕ್ಕೆ ಕೊಳ್ತೀನಿ, 100ಕ್ಕೆ ಮಾರ್ತೀನಿ’ ಅಂತ ಎರಡೂ ಬೆಲೆ ಮುಂದಿಟ್ಟು ಕೂತಿರ್ತಾನೆ. ನಡುವಿನ 2 ರೂಪಾಯಿ ಅವನ ಸಂಪಾದನೆ. ಕೊಂಡ ಮೇಲೆ ಬೆಲೆ ಬಿದ್ರೆ ನಷ್ಟವೂ ಅವನದೇ. ಲಂಡನ್ನಿನಲ್ಲಿ 1986ರವರೆಗೆ ಇವರಿಗೆ ಜಾಬರ್ ಅಂತಿದ್ರು, ಮುಂಬೈಯಲ್ಲಿ ತಾರಾವಣಿವಾಲಾ.

ಈಗ ಕಾಫಿಗೆ ಬರೋಣ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಬಾಗಿಲು ಮುಚ್ಚಿತು. ಬೆಳೆ ಇದೆ, ಕೊಳ್ಳೋರಿಲ್ಲ. 1942ರ ಕಾಫಿ ಕಾಯ್ದೆ ಬಂತು. ಮನೆ ಬಳಕೆಗೆ, ಬಿತ್ತನೆಗೆ ಬಿಟ್ಟು ಉಳಿದದ್ದೆಲ್ಲ ಕಾಫಿ ಮಂಡಳಿಯ ಪೂಲಿಗೆ ಹಾಕಬೇಕು. ಹೊರಗೆ ಮಾರಿದ್ರೆ ಅಪರಾಧ! ಮಂಡಳಿ ಎಲ್ಲರ ಕಾಫಿ ಸೇರಿಸಿ ಹರಾಜು ಹಾಕಿ, ಗುಣಮಟ್ಟದ ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಕೊಡುತ್ತಿತ್ತು. ಅಂದ್ರೆ ತಗೊಳ್ಳೋದು ಗ್ಯಾರಂಟಿ, ಎಷ್ಟಕ್ಕೆ ಅನ್ನೋದು ಮಾತ್ರ ಚೀಲ ಕೊಡೋವಾಗ ಗೊತ್ತಿಲ್ಲ. ಮಾರ್ಕೆಟ್ ಮೇಕರ್ ಮಾಡೋದಕ್ಕೆ ಇದು ತದ್ವಿರುದ್ಧ, ಅವನು ಮೊದಲು ಬೆಲೆ ಹೇಳ್ತಾನೆ. ಮಗಳ ಮದುವೆ ಎದುರಿಗಿರೋ ಸಣ್ಣ ಬೆಳೆಗಾರನಿಗೆ ಈ ವ್ಯತ್ಯಾಸ ಸಣ್ಣದಲ್ಲ.

1992ರಿಂದ ಹಿಡಿತ ಹಂತಹಂತವಾಗಿ ಸಡಿಲವಾಯ್ತು, 1996ಕ್ಕೆ ಪೂಲ್ ಮುಗಿಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಜಗತ್ತಿನ ಕಾಫಿ ಬೆಲೆ ಜಿಗಿದಿತ್ತು. ಸ್ವತಂತ್ರ ಮಾರಾಟದ ರುಚಿ ಮಲೆನಾಡಿಗೆ ಹತ್ತಿದ್ದು ಅಂಥ ಕಾಲದಲ್ಲಿ.

ಮಂಡಳಿಯ ಜಾಗಕ್ಕೆ ಬಂದವನು ಪೇಟೆಯ ವ್ಯಾಪಾರಿ. ತೂಕ ಹಾಕ್ತಾನೆ, 50 ಕೆ.ಜಿ. ಚೀಲಕ್ಕೆ ರೇಟು ಹೇಳ್ತಾನೆ, ಹಣ ಎಣಿಸ್ತಾನೆ. ರಾತ್ರಿ ಲಂಡನ್ ಬಿದ್ರೆ ಪೆಟ್ಟು ಅವನಿಗೇ. ಹಾಗಾಗಿ ಅವನನ್ನ ಬರೀ ದಲ್ಲಾಳಿ ಅಂತ ಬೈಯೋದು ನನಗೆ ಸರಿ ಕಾಣಲ್ಲ. ಆದ್ರೆ ಅವನು ಹೇಳೋದು ಒಂದೇ ರೇಟು, ಕೊಳ್ಳೋದು. ತಾನು ಮುಂದೆ ಎಷ್ಟಕ್ಕೆ ಮಾರ್ತೀನಿ ಅನ್ನೋದನ್ನ ಹೇಳಲ್ಲ. ಷೇರುಪೇಟೆಯಲ್ಲಿ 2012ರಲ್ಲಿ ಶುರುವಾದ ಸಣ್ಣ ಕಂಪನಿಗಳ ವೇದಿಕೆಯಲ್ಲಿ ಮೂರು ವರ್ಷ ಮಾರ್ಕೆಟ್ ಮೇಕರ್ ಇರಲೇಬೇಕು, ಅವನು ಎರಡೂ ಬೆಲೆ ತೋರಿಸಬೇಕು. ಕಾಫಿ ಅಂಗಡಿಗೆ ಆ ನಿಯಮ ಇಲ್ಲ.

ಎರಡನೇ ರೇಟನ್ನ ನೀವೇ ಅಂದಾಜು ಮಾಡ್ಬಹುದು. ಲಂಡನ್ ರೋಬಸ್ಟಾ ಬೆಲೆ ಟನ್ನಿಗೆ ಡಾಲರಿನಲ್ಲಿ ಮೊಬೈಲಲ್ಲೇ ಸಿಗುತ್ತೆ. ರೂಪಾಯಿಗೆ ತಿರುಗಿಸಿ. ಅದು ಶುದ್ಧ ಬೀಜದ ಬೆಲೆ, ನಿಮ್ಮ ಚೆರಿ ಚೀಲದಲ್ಲಿ ಬೀಜ ಸುಮಾರು ಅರ್ಧವಷ್ಟೇ, ಅದಕ್ಕೇ ವ್ಯಾಪಾರಿ ಔಟ್‌ಟರ್ನ್ ಕೇಳೋದು. ಕ್ಯೂರಿಂಗ್, ಲಾರಿ ಬಾಡಿಗೆ ಕಳೆಯಿರಿ. ಆಮೇಲೆ ಅಂಗಡಿಗೆ ಹೋಗಿ ರೇಟು ಕೇಳಿ.