ಇಂಗ್ಲಿಷು ಶಬ್ದಗಳಲ್ಲಿ ಯವನ ಮತ್ತು ರೋಮಕ ಸಂಖ್ಯೆಗಳು

ಒಂದು ಜನಾಂಗದ ಅರಸರು ಬದಲಾಗಬಹುದು, ಉಡುಗೆತೊಡುಗೆಗಳು ಬದಲಾಗಬಹುದು. ಆದರೆ ಆ ಜನರು ಬೆರಳು ಮಡಿಸಿ ಎಣಿಸುವ ಒಂದರಿಂದ ಹತ್ತರವರೆಗಿನ ಮಾತುಗಳು ಸುಲಭವಾಗಿ ಬದಲಾಗುವುದಿಲ್ಲ. ಆದುದರಿಂದಲೇ ಭಾಷೆಗಳ ಕುಲಗೋತ್ರಗಳನ್ನು ವಿಚಾರಿಸುವ ಪಂಡಿತರು ಸಂಖ್ಯಾವಾಚಕಗಳನ್ನು ಒರೆಗಲ್ಲಿನಂತೆ ಬಳಸುತ್ತಾರೆ. ನಮ್ಮ ಮಕ್ಕಳು ಪಾಠಶಾಲೆಯಲ್ಲಿ ಅರ್ಥವರಿಯದೆ ಬಾಯಿಪಾಠ ಮಾಡುವ ಅನೇಕ ಇಂಗ್ಲಿಷು ಶಬ್ದಗಳ ತಲೆಯ ಮೇಲೆ ಇಂಥ ಸಂಖ್ಯೆಗಳೇ ಕುಳಿತಿವೆ. ಅವುಗಳ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಇಂಗ್ಲಿಷಿಗೆ ಸ್ವಂತ ಸಂಖ್ಯೆಗಳಿಲ್ಲವೆಂದಲ್ಲ. ಟೂ, ತ್ರೀ, ಸೆವೆನ್, ಹಂಡ್ರೆಡ್ ಎಂಬುವು ಅದರ ಮನೆಯ ಮಾತುಗಳೇ. ಆದರೆ ೧೦೬೬ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಲ್ಯಾಟಿನ್ನಿನ ಮಗಳಾದ ಫ್ರೆಂಚು ಆಸ್ಥಾನದ ಮತ್ತು ನ್ಯಾಯಸ್ಥಾನದ ಭಾಷೆಯಾಯಿತು. ದೇವಾಲಯದಲ್ಲಿಯೂ ವಿದ್ಯಾಪೀಠಗಳಲ್ಲಿಯೂ ಲ್ಯಾಟಿನ್ನು ಮೊದಲೇ ನೆಲಸಿತ್ತು. ಅನಂತರ ಗ್ರೀಕ್ ವಿದ್ಯೆಯ ಪುನರುಜ್ಜೀವನವಾಗಲು, ಶಾಸ್ತ್ರಜ್ಞರು ಹೊಸ ವಸ್ತುಗಳಿಗೆ ಹೆಸರಿಡುವಾಗ ಈ ಎರಡು ಭಂಡಾರಗಳಿಗೂ ಕೈಯಿಕ್ಕಿದರು. ನಾವು ಮನೆಯಲ್ಲಿ ಮೂರು ಎಂದು ಎಣಿಸುತ್ತ ಗಣಿತದಲ್ಲಿ ತ್ರಿಕೋಣವೆನ್ನುವಂತೆ, ಅವರೂ ಮನೆಯಲ್ಲಿ ತ್ರೀ ಎನ್ನುತ್ತ ಶಾಸ್ತ್ರದಲ್ಲಿ ಟ್ರೈಯಾಂಗಲ್ ಎಂದರು. ಐದು ಭುಜದ ಆಕೃತಿಗೆ ಗ್ರೀಕಿನ ಪೆಂಟೆಯಿಂದ ಪೆಂಟಗನ್, ಆರು ಭುಜದ್ದಕ್ಕೆ ಹೆಕ್ಸ್ ಎಂಬುದರಿಂದ ಹೆಕ್ಸಗನ್ ಎಂಬ ಹೆಸರಾಯಿತು. ಲ್ಯಾಟಿನ್ನಿನ ಕೆಂಟುಮ್ ಎಂಬ ನೂರರಿಂದ ಸೆಂಚುರಿ ಬಂದಿತು.

ದಿನಬಳಕೆಯ ಮಾತುಗಳಲ್ಲಿಯೂ ಇವು ಅಡಗಿವೆ. ಸಂತೆಯಲ್ಲಿ ನಾವು ಬಾಳೆಯಹಣ್ಣು ಕೊಳ್ಳುವ ಡಜನ್ ಎಂಬುದು ಲ್ಯಾಟಿನ್ನಿನ ದುಓದೆಕಿಮ್, ಅಂದರೆ ಎರಡೂ ಹತ್ತೂ. ನಮ್ಮ ದ್ವಾದಶದ ಸಹೋದರ. ಹಾದಿಯ ಮೈಲಿಯು ರೋಮಕ ಸೈನಿಕರ ಸಾವಿರ ಜೋಡಿಹೆಜ್ಜೆಗಳ ದೂರ. ಅವರ ಸಾವಿರಕ್ಕೆ ಮಿಲ್ಲೆ ಎಂದು ಹೆಸರು. ಸೆಪ್ಟೆಂಬರ್ ಏಳನೆಯದೆಂದೂ ಡಿಸೆಂಬರ್ ಹತ್ತನೆಯದೆಂದೂ ಹೆಸರೇ ಹೇಳುತ್ತಿದ್ದರೂ, ಅವು ಒಂಬತ್ತನೆಯ ಮತ್ತು ಹನ್ನೆರಡನೆಯ ತಿಂಗಳುಗಳಾಗಿರುವುದೇಕೆಂದು ಹುಡುಗರು ಕೇಳುವುದುಂಟು. ಪೂರ್ವಕಾಲದ ರೋಮಕ ವರ್ಷವು ಮಾರ್ಚಿಯಿಂದ ಆರಂಭವಾಗುತ್ತಿದ್ದುದೇ ಇದಕ್ಕೆ ಕಾರಣ. ಐದನೆಯದಾಗಿದ್ದ ಕ್ವಿಂಟಿಲಿಸ್ ಎಂಬ ಮಾಸಕ್ಕೆ ಕ್ರಿ. ಪೂ. ೪೪ರಲ್ಲಿ ಜೂಲಿಯಸ್ ಸೀಜರನ ಹೆಸರೂ, ಆರನೆಯದಾಗಿದ್ದ ಸೆಕ್ಸ್ಟಿಲಿಸ್ ಎಂಬುದಕ್ಕೆ ಕ್ರಿ. ಪೂ. ೮ರಲ್ಲಿ ಆಗಸ್ಟಸನ ಹೆಸರೂ ಬಂದುವು. ಉಳಿದವು ತಮ್ಮ ಹಳೆಯ ಅಂಕಿಗಳನ್ನೇ ಹೊತ್ತುಕೊಂಡಿವೆ.

ಈ ಸಂಖ್ಯೆಗಳನ್ನು ಒಂದು ಕ್ರಮಕ್ಕೆ ಒಳಪಡಿಸಿದವರು ಫ್ರೆಂಚರು. ಅವರ ರಾಜ್ಯಕ್ರಾಂತಿಯ ಕಾಲದಲ್ಲಿ, ೧೭೯೫ನೆಯ ಏಪ್ರಿಲ್ ೭ರ ಶಾಸನದಿಂದ ಮೀಟರು, ಗ್ರಾಮು, ಲೀಟರುಗಳು ನಿಯತವಾದುವು. ಮಾನವನ್ನು ಹೆಚ್ಚಿಸುವಾಗ ಡೆಕ, ಹೆಕ್ಟೊ, ಕಿಲೊ ಎಂಬ ಗ್ರೀಕ್ ಪದಗಳನ್ನೂ, ವಿಭಾಗಿಸುವಾಗ ಡೆಸಿ, ಸೆಂಟಿ, ಮಿಲ್ಲಿ ಎಂಬ ಲ್ಯಾಟಿನ್ ಪದಗಳನ್ನೂ ಹಚ್ಚಬೇಕೆಂದು ಗೊತ್ತುಮಾಡಲಾಯಿತು. ಹೀಗೆ ಹೆಸರನ್ನು ಕೇಳಿದ ಮಾತ್ರಕ್ಕೆ ಸಾವಿರಪಾಲು ದೊಡ್ಡದೋ ಸಾವಿರದಲ್ಲೊಂದು ಪಾಲೋ ತಿಳಿಯುವಂತಾಯಿತು. ನಮ್ಮ ದೇಶದಲ್ಲಿ ೧೯೫೬ರ ಕಾಯಿದೆಯಿಂದ ಈ ತೂಕ ಅಳತೆಗಳು ಅಂಗೀಕೃತವಾಗಿ, ೧೯೫೭ನೆಯ ಏಪ್ರಿಲ್ ೧ರಿಂದ ರೂಪಾಯಿಗೆ ಹದಿನಾರಾಣೆಯ ಬದಲು ನೂರು ಪೈಸೆಯ ನಾಣ್ಯವೂ ಚಲಾವಣೆಗೆ ಬಂದಿತು. ಸೇರು ಮಣಗಳು ಕ್ರಮೇಣ ಹಿಂದೆ ಸರಿದು, ಗ್ರೀಕರ ಸಾವಿರವು ನಮ್ಮ ತಕ್ಕಡಿಯನ್ನೇರಿತು.

ಇನ್ನು ಪ್ರಕೃತದ ಮುಖ್ಯ ವಿಷಯಕ್ಕೆ ಬರೋಣ. ಸಪ್ತ, ಸೆಪ್ಟೆಮ್, ಹೆಪ್ಟ, ಅಷ್ಟ, ಒಕ್ಟೊ, ದಶ, ದೆಕೆಮ್, ಡೆಕ: ಇವುಗಳ ಸಾದೃಶ್ಯವು ಯಾರ ಕಿವಿಗಾದರೂ ಕೇಳಿಸುವಂತಿದೆ. ಗ್ರೀಕಿನಲ್ಲಿ ಸ್ವರದ ಮುಂದಿನ ಮೊದಲ ಸಕಾರವು ಹಕಾರವಾಯಿತು. ಹಳಗನ್ನಡದ ಪಾಲ್ ಎಂಬುದು ಹೊಸಗನ್ನಡದಲ್ಲಿ ಹಾಲು ಆದಂತೆ, ಇಂಥ ಮಾರ್ಪಾಡುಗಳು ನಿಯಮಬದ್ಧವಾಗಿಯೇ ನಡೆಯುತ್ತವೆ. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ಸರ್ ವಿಲಿಯಂ ಜೋನ್ಸನು ೧೭೮೬ನೆಯ ಫೆಬ್ರವರಿ ೨ರಂದು ಏಷಿಯಾಟಿಕ್ ಸೊಸೈಟಿಯ ಮುಂದೆ ಮಾಡಿದ ಉಪನ್ಯಾಸದಲ್ಲಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್ನುಗಳು ಒಂದೇ ಮೂಲದಿಂದ ಹೊರಟಿರಬೇಕೆಂದೂ, ಆ ಮೂಲವು ಈಗ ಉಳಿದಿಲ್ಲದೆಯೂ ಇರಬಹುದೆಂದೂ ಅಭಿಪ್ರಾಯಪಟ್ಟನು.

ಇಲ್ಲಿ ನಮ್ಮವರಲ್ಲಿ ಅನೇಕರು ದುಡುಕುತ್ತಾರೆ. ಸಂಸ್ಕೃತವೇ ತಾಯಿ, ಗ್ರೀಕ್ ಲ್ಯಾಟಿನ್ನುಗಳು ಅದರ ಮಕ್ಕಳು ಎಂದು ಸಭೆಗಳಲ್ಲಿ ಸಾರುತ್ತಾರೆ. ಸಂಸ್ಕೃತದ ಅನ್ನವನ್ನುಂಡು ಬೆಳೆದ ನನಗೆ ಆ ಮಾತು ಹಿತವೆನಿಸಬೇಕಾಗಿತ್ತು. ಆದರೆ ಹಿತವಾದುದೆಲ್ಲ ಸತ್ಯವಾಗುವುದಿಲ್ಲ. ಪ್ರಮಾಣವನ್ನು ಸಂಖ್ಯೆಗಳಲ್ಲಿಯೇ ನೋಡಿರಿ. ನಮ್ಮ ಶತದಲ್ಲಿ ಶಕಾರವಿದ್ದಲ್ಲಿ ಲ್ಯಾಟಿನ್ನಿನ ಕೆಂಟುಮ್, ಗ್ರೀಕಿನ ಹೆಕಟೋನ್ ಎಂಬುವುಗಳಲ್ಲಿ ಕಕಾರವಿದೆ. ತಾಲುವಿನ ಕಡೆಗೆ ಜಾರಿ ಕಕಾರವು ಶಕಾರವಾಗುವುದು ಲೋಕದಲ್ಲಿ ಕಂಡುಬರುವ ಮಾರ್ಗ. ಶಕಾರವು ಹಿಂದಿರುಗಿ ಕಕಾರವಾಗುವುದು ದುರ್ಲಭ. ಇಲ್ಲಿ ಹಳೆಯ ಧ್ವನಿಯನ್ನು ಕಾಪಾಡಿದವರು ಅವರು.

ಎರಡನೆಯ ಪ್ರಮಾಣವು ಇನ್ನೂ ಸೂಕ್ಷ್ಮವಾದುದು. ಸಂಸ್ಕೃತದಲ್ಲಿ ಅಕಾರವಿರುವ ಕಡೆಗಳಲ್ಲಿ ಗ್ರೀಕಿನಲ್ಲಿ ಎಕಾರ, ಒಕಾರ, ಅಕಾರಗಳೆಂಬ ಮೂರು ಭೇದಗಳಿವೆ. ಕೃ ಧಾತುವಿನ ಲಿಟ್ ರೂಪವಾದ ಚಕಾರ ಎಂಬಲ್ಲಿ ಅಭ್ಯಾಸದ ಕಕಾರಕ್ಕೆ ಚಕಾರವು ಬರುವುದೆಂದು ಪಾಣಿನಿಯು ವಿಧಿಸಿದ್ದಾನೆ. ಆದರೆ ಅಲ್ಲಿ ಮಾತ್ರ ಹಾಗೇಕೆ ಬರಬೇಕು? ಅಭ್ಯಾಸದ ಸ್ವರವು ಪೂರ್ವದಲ್ಲಿ ಎಕಾರವಾಗಿದ್ದಿತು. ಗ್ರೀಕಿನಲ್ಲಿ ಇಂದಿಗೂ ಹಾಗೆಯೇ ಕಾಣುತ್ತದೆ. ಆ ಎಕಾರವು ಕಕಾರವನ್ನು ಚಕಾರವಾಗಿಸಿ, ತಾನು ಅಕಾರವಾಯಿತು. ಪಂಚ ಎಂಬುದರ ಚಕಾರಕ್ಕೂ ಇದೇ ಕಾರಣ. ಗ್ರೀಕಿನ ಪೆಂಟೆ, ಲ್ಯಾಟಿನ್ನಿನ ಕ್ವಿಂಕ್ವೆ ಎಂಬುವುಗಳ ಕೊನೆಯ ಎಕಾರವೇ ಸಾಕ್ಷಿ. ೧೮೭೦ರ ದಶಕದಲ್ಲಿ ಯೂರೋಪಿನ ವೈಯಾಕರಣರು ಇದನ್ನು ಸ್ಥಾಪಿಸಿದರು. ಆದಕಾರಣ ಈ ಮೂರು ಭಾಷೆಗಳೂ ಅಕ್ಕತಂಗಿಯರು, ತಾಯಿಯು ಬೇರೆ. ಇದರಿಂದ ಸಂಸ್ಕೃತದ ಗೌರವಕ್ಕೆ ಎಳ್ಳಷ್ಟೂ ಕುಂದಿಲ್ಲ. ಪಾಣಿನಿಯಂಥ ವ್ಯಾಕರಣವನ್ನು ಪಡೆದ ಭಾಷೆಗೆ ಸುಳ್ಳು ವಂಶಾವಳಿಯ ಅಲಂಕಾರವೇಕೆ?

ಇದೇ ಒರೆಗಲ್ಲಿನಲ್ಲಿ ಕನ್ನಡವನ್ನು ಉಜ್ಜಿದರೆ ಬೇರೆ ಬಣ್ಣ ಕಾಣುತ್ತದೆ. ಒಂದು, ಎರಡು, ಮೂರು ಎಂಬುವು ಏಕ, ದ್ವಿ, ತ್ರಿಗಳಿಂದ ಹುಟ್ಟಿದುವಲ್ಲ. ದಕ್ಷಿಣದ ಭಾಷೆಗಳು ಪ್ರತ್ಯೇಕ ಕುಲವೆಂದು ಮದರಾಸಿನ ಎಲ್ಲಿಸನು ೧೮೧೬ರಲ್ಲಿ ತೋರಿಸಿದನು. ಕಾಲ್ಡ್‌ವೆಲ್ಲನು ೧೮೫೬ರಲ್ಲಿ ವಿಸ್ತರಿಸಿದನು. ಇಮ್ಮಡಿ, ಮುಕ್ಕಣ್ಣ, ನಾಲ್ವರು, ಎಣ್ದೆಸೆ ಎಂದು ಸಮಾಸಕ್ಕೆ ತಕ್ಕಂತೆ ಬಾಗುವ ಸಂಖ್ಯಾಪದಗಳು ನಮ್ಮವೇ ಆಗಿವೆ. ಹೊಸ ಶಾಸ್ತ್ರಪದಗಳನ್ನು ಕಟ್ಟುವವರು ದ್ವಿ, ತ್ರಿಗಳೊಡನೆ ಇವುಗಳನ್ನೂ ನೆನೆಯುವುದು ಯುಕ್ತ.

ಆದರೂ ಬಾಂಧವ್ಯಗಳು ವಿಚಿತ್ರವಾಗಿ ಹೆಣೆದುಕೊಳ್ಳುತ್ತವೆ. ಬೈಸಿಕಲ್ ಎಂಬುದರ ಬೈ ಲ್ಯಾಟಿನ್ನಿನದು, ದ್ವಿ ಶಬ್ದದ ಸೋದರ. ಸಿಕಲ್ ಗ್ರೀಕಿನ ಕುಕ್ಲೋಸ್, ಚಕ್ರ ಶಬ್ದದ ಸೋದರ. ದ್ವಿಚಕ್ರವೆಂದರೆ ಅದನ್ನೇ ಅಂಗಾಂಗವಾಗಿ ಹೇಳಿದಂತಾಯಿತು. ಕಿಲೊ ಎಂಬುದು ಗ್ರೀಕಿನ ಖಿಲಿಯೊಯ್, ಎಂದರೆ ಸಾವಿರ. ಅದು ಸಹಸ್ರದ ಹಸ್ರ ಭಾಗಕ್ಕೆ ಒಡಹುಟ್ಟಿದ್ದು, ಮುಂದಿನ ಸಕಾರಕ್ಕೆ ಒಂದು ಎಂದೇ ಅರ್ಥ. ಆ ಸಹಸ್ರದಿಂದಲೇ ನಮ್ಮ ಸಾಸಿರ, ಸಾವಿರಗಳು ಬಂದಿವೆ. ಅಂಗಡಿಯವನು ಒಂದು ಕಿಲೊ ಅಕ್ಕಿ ತೂಗಿ ಸಾವಿರ ಗ್ರಾಮು ಎಂದಾಗ, ಬಹುಕಾಲ ಅಗಲಿದ್ದ ದಾಯಾದಿಗಳಿಬ್ಬರು ಒಂದೇ ತಕ್ಕಡಿಯಲ್ಲಿ ಕೂಡಿದಂತಾಗುತ್ತದೆ. ಉಪಾಧ್ಯಾಯರು ಇಷ್ಟನ್ನು ಹೇಳಿಕೊಟ್ಟರೆ ಮಕ್ಕಳಿಗೆ ನೂರು ಶಬ್ದಗಳ ಬಾಯಿಪಾಠವು ತಪ್ಪಿ, ಹತ್ತು ಬೇರುಗಳ ಪರಿಚಯದಿಂದಲೇ ಕಾರ್ಯಸಿದ್ಧಿಯಾದೀತು. ಸುಜ್ಞರಾದ ವಾಚಕರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾದುದಿಲ್ಲ.