ವಿಕ್ಸ್‌ಬರ್ಗಿನ ಗುಹೆಗಳು

ಅಮೆರಿಕದ ಅಂತರ್ಯುದ್ಧ ನಮ್ಮ ಧಾರವಾಡ ಸೀಮೆಯ ರೈತನನ್ನು ಹತ್ತಿಯ ಬೆಲೆಯ ರೂಪದಲ್ಲಿ ಮುಟ್ಟಿತು. ಅಲ್ಲಿಯ ಬಂದರುಗಳಿಗೆ ದಿಗ್ಬಂಧನ ಬಿದ್ದಾಗ ಲ್ಯಾಂಕಷೈರಿನ ಗಿರಣಿಗಳು ಇಲ್ಲಿಯ ಅರಳೆಗೆ ಕೈಚಾಚಿದವು. ಆ ಕಾಲದಲ್ಲಿ ಅಲ್ಲಿಯ ಒಂದು ಹತ್ತಿಯ ಊರು ಹೇಗೆ ಬದುಕಿತೆಂಬುದನ್ನು ಹೇಳಲು ಹೊರಟಿದ್ದೇನೆ.

ಮಿಸಿಸಿಪಿ ನದಿ ಹೊರಳುವಲ್ಲಿ, ದಿಬ್ಬಗಳ ಮೇಲೆ ಇದ್ದ ಊರು ವಿಕ್ಸ್‌ಬರ್ಗ್. 1860ರಲ್ಲಿ ಅದರ ಜನಸಂಖ್ಯೆ ಸುಮಾರು 4,500. ಆದರೆ ಅದರ ಫಿರಂಗಿಗಳ ಕಣ್ಣು ತಪ್ಪಿಸಿ ಹಡಗುಗಳು ಸಾಗುವಂತಿರಲಿಲ್ಲ. ಉತ್ತರದ ಸೇನಾಪತಿ ಗ್ರಾಂಟ್ 1863ರ ಮೇ 18ರಿಂದ 47 ದಿನ ಅದನ್ನು ಮುತ್ತಿದನು. ನೆಲದಿಂದಲೂ ನದಿಯಿಂದಲೂ ಗುಂಡುಗಳು ಬೀಳತೊಡಗಿದಾಗ ಜನ ದಿಬ್ಬಗಳಲ್ಲಿ ಗುಹೆ ತೋಡಿಸಿಕೊಂಡರು. ಅಲ್ಲಿಯ ಹಳದಿ ಮಣ್ಣು ಮೃದು. ಆದರೂ ನೆಟ್ಟಗೆ ಕಡಿದರೆ ಕುಸಿಯದೆ ನಿಲ್ಲುತ್ತದೆ. ಉಳ್ಳವರ ಗುಹೆಗಳಲ್ಲಿ ಮಂಚ, ಕುರ್ಚಿ, ಜಮಖಾನೆಗಳಿದ್ದವು. ಹೇಸರಗತ್ತೆಯ ಮಾಂಸವನ್ನೂ ತಿನ್ನಬೇಕಾಯಿತು. ಕಾಗದ ಮುಗಿದಾಗ ಪತ್ರಿಕೆಯನ್ನು ಗೋಡೆಗೆ ಅಂಟಿಸುವ ಚಿತ್ತಾರದ ಹಾಳೆಗಳ ಬೆನ್ನಿಗೆ ಅಚ್ಚುಹಾಕಿದರು!

ಮೇರಿ ಲಾಫ್‌ಬರೊ ಎಂಬ ಮಹಿಳೆ ಈ ಗುಹಾವಾಸದ ಕುರಿತು ಬರೆದ ಪುಸ್ತಕ 1864ರಲ್ಲಿ ಪ್ರಕಟವಾಯಿತು. ಅದರಲ್ಲಿರುವ ತಾಯಿಯ ದಿಗಿಲು ನಿಜವಾದುದೇ. ಆದರೂ ನನ್ನ ಮನಸ್ಸು ಗುದ್ದಲಿ ಹಿಡಿದ ಕೈಗಳತ್ತ ಹೋಗುತ್ತದೆ. ಗುಹೆಗಳನ್ನು ತೋಡಿದವರಲ್ಲಿ ಬಹುಮಂದಿ ಗುಲಾಮರು. ಗುಂಡು ಅವರ ಮೇಲೂ ಬೀಳುತ್ತಿತ್ತು. ಅವರು ದಿನಚರಿ ಬರೆದಿಡಲಿಲ್ಲ. ಅಕ್ಷರವೇ ಅವರಿಗೆ ನಿಷಿದ್ಧವಾಗಿದ್ದಿತಷ್ಟೆ.

ಜುಲೈ 4ರಂದು ಊರು ಶರಣಾಯಿತು. ಅಮೆರಿಕದ ಸ್ವಾತಂತ್ರ್ಯೋತ್ಸವದ ಆ ದಿನವನ್ನು ಅಲ್ಲಿಯ ಬಿಳಿಯರಲ್ಲಿ ಅನೇಕರು ಬಹುಕಾಲ ಆಚರಿಸಲಿಲ್ಲ. ಕರಿಯರು ಆಚರಿಸಿದರು. ‘ಊರು ಆಚರಿಸಲಿಲ್ಲ’ ಎಂದು ಬರೆಯುವವರು ಊರೆಂದರೆ ಯಾರನ್ನು ಎಣಿಸುತ್ತಾರೋ!

ಯುದ್ಧಾನಂತರ ಕರಿಯರಿಗೆ ಮತದಾನದ ಹಕ್ಕು ಬಂತು. ಪೀಟರ್ ಕ್ರಾಸ್ಬಿ ಎಂಬ ಕರಿಯ ಅಲ್ಲಿಯ ಷೆರೀಫನಾಗಿ ಆಯ್ಕೆಯಾದನು. 1874ರ ಡಿಸೆಂಬರಿನಲ್ಲಿ ಬಿಳಿಯರ ಗುಂಪು ಅವನಿಂದ ಬಲವಂತವಾಗಿ ರಾಜೀನಾಮೆ ಬರೆಸಿಕೊಂಡಿತು. ಅವನ ಬೆಂಬಲಕ್ಕೆ ಹಳ್ಳಿಗಳಿಂದ ಬಂದ ಕರಿಯರನ್ನು 7ನೆಯ ತಾರೀಖಿನಂದು ಅಟ್ಟಿಸಿಕೊಂಡು ಹೋಗಿ ಕೊಂದರು. ಅಷ್ಟರಲ್ಲಿ ರಾಷ್ಟ್ರಾಧ್ಯಕ್ಷನಾಗಿದ್ದ ಗ್ರಾಂಟನೇ ಮತ್ತೆ ಸೈನಿಕರನ್ನು ಕಳುಹಿಸಬೇಕಾಯಿತು. ಮುತ್ತಿಗೆಯ ಸತ್ತವರಿಗೆ ಸಿಕ್ಕ ಕಣ್ಣೀರು ಇವರಿಗೆ ಸಿಗಲಿಲ್ಲವೆಂದೇ ನನಗನಿಸುತ್ತದೆ.

ನದಿಯ ವಿಷಯವೊಂದು ಉಳಿಯಿತು. ಊರಿನ ಫಿರಂಗಿಗಳನ್ನು ತಪ್ಪಿಸಲು, ಎದುರಿನ ನೆಲದ ಚಾಚನ್ನು ಸೀಳಿ ಕಾಲುವೆ ತೆಗೆಯಲು ಗ್ರಾಂಟ್ ಹೆಣಗಿ ಸೋತಿದ್ದನು. 1876ರಲ್ಲಿ ಮಿಸಿಸಿಪಿ ತಾನಾಗಿಯೇ ಆ ಚಾಚನ್ನು ಕೊರೆದುಕೊಂಡು ಹೊಸ ಹಾದಿ ಹಿಡಿಯಿತು. ಯಾವ ನದಿಗಾಗಿ ಅಷ್ಟು ರಕ್ತ ಹರಿಯಿತೋ ಅದು ಊರನ್ನೇ ಬಿಟ್ಟು ದೂರ ಸರಿಯಿತು. ಯಾಜೂ ನದಿಯನ್ನು ತಿರುಗಿಸಿ ಊರಿನ ಮುಂದೆ ಮತ್ತೆ ನೀರು ಹರಿಸಿದ್ದು 1903ರಲ್ಲಿ.