ವಿಂಬಲ್ಡನ್ ಮಹಿಳಾ ಸಿಂಗಲ್ಸ್: ಆಟ ಮುಂದೆ, ನಿಯಮ ಹಿಂದೆ

ವಿಂಬಲ್ಡನ್ ಟೆನಿಸ್ ಟೂರ್ನಿ ಶುರುವಾದದ್ದು 1877ರಲ್ಲಿ. ಮಹಿಳೆಯರಿಗೆ ಅಲ್ಲಿ ಸಿಂಗಲ್ಸ್ ಆಡಲು ಅವಕಾಶ ಸಿಕ್ಕಿದ್ದು ಏಳು ವರ್ಷ ಕಳೆದ ಮೇಲೆ. 1884ರ ಆ ಮೊದಲ ಸ್ಪರ್ಧೆಯಲ್ಲಿ ಕಣಕ್ಕಿಳಿದವರು 13 ಮಂದಿ. ಫೈನಲ್‌ನಲ್ಲಿ ಎದುರಾದದ್ದು ಅಕ್ಕತಂಗಿಯರು. ತಂಗಿ ಮಾಡ್ ವಾಟ್ಸನ್ ಮೊದಲ ಸೆಟ್ ಸೋತರೂ ಅಕ್ಕ ಲಿಲಿಯನ್ ಅವರನ್ನು 6-8, 6-3, 6-3ರಿಂದ ಮಣಿಸಿದರು. 1887ರಲ್ಲಿ ಲೊಟ್ಟಿ ಡಾಡ್ 15ರ ಹರೆಯದಲ್ಲೇ ಚಾಂಪಿಯನ್ ಆದರು. ಅಷ್ಟು ಎಳೆಯ ವಯಸ್ಸಿನಲ್ಲಿ ಈ ಪ್ರಶಸ್ತಿ ಗೆದ್ದವರು ಇಂದಿಗೂ ಇನ್ನೊಬ್ಬರಿಲ್ಲ.

ಈ ಸ್ಪರ್ಧೆಯ ಚರಿತ್ರೆಯುದ್ದಕ್ಕೂ ಆಟಗಾರ್ತಿಯರು ಮುಂದೆ ನಡೆದಿದ್ದಾರೆ, ನಿಯಮಗಳು ಹಿಂದೆ ಉಳಿದಿವೆ. 1919ರ ಫೈನಲ್ ಇದಕ್ಕೆ ಒಳ್ಳೆಯ ನಿದರ್ಶನ. ಒಂದು ಕಡೆ ಏಳು ಬಾರಿ ಗೆದ್ದಿದ್ದ, 40ರ ಡೊರೊಥಿಯಾ ಲ್ಯಾಂಬರ್ಟ್ ಚೇಂಬರ್ಸ್: ಉದ್ದ ಸ್ಕರ್ಟ್, ತುಂಬುತೋಳಿನ ಬ್ಲೌಸ್. ಇನ್ನೊಂದು ಕಡೆ 20ರ ಫ್ರೆಂಚ್ ಯುವತಿ ಸುಜಾನ್ ಲೆಂಗ್ಲೆನ್: ಮೀನಖಂಡ ಕಾಣುವ ಹಗುರ ಉಡುಪು, ಸೆಟ್‌ಗಳ ನಡುವೆ ಗುಟುಕು ಬ್ರಾಂಡಿ. ಮೂರನೇ ಸೆಟ್‌ನಲ್ಲಿ ಚೇಂಬರ್ಸ್‌ಗೆ ಎರಡು ಮ್ಯಾಚ್ ಪಾಯಿಂಟ್ ಸಿಕ್ಕವು. ಮೊದಲನೆಯದರಲ್ಲಿ ಲೆಂಗ್ಲೆನ್ ರಾಕೆಟ್ಟಿನ ಚೌಕಟ್ಟಿಗೆ ತಗುಲಿದ ಚೆಂಡು ಹೇಗೋ ನೆಟ್ ದಾಟಿ ಬಿತ್ತು. ಕೊನೆಗೆ 10-8, 4-6, 9-7ರಿಂದ ಲೆಂಗ್ಲೆನ್ ಗೆದ್ದರು. ಅವರ ಆಟ ನೋಡಲು ಜನ ಮುಗಿಬಿದ್ದರು. ಹಳೆಯ ವರ್ಪಲ್ ರೋಡ್ ಅಂಗಳ ಸಾಲದೆ, 1922ರಲ್ಲಿ ಟೂರ್ನಿ ಚರ್ಚ್ ರೋಡ್‌ಗೆ ಸ್ಥಳಾಂತರಗೊಂಡಿತು.

ಮುಂದೆ ಅಮೆರಿಕದ ಹೆಲೆನ್ ವಿಲ್ಸ್ ಮೂಡಿ ಎಂಟು ಪ್ರಶಸ್ತಿ ಗೆದ್ದರು. 1957ರಲ್ಲಿ ಆಲ್ಥಿಯಾ ಗಿಬ್ಸನ್ ಇಲ್ಲಿ ಗೆದ್ದ ಮೊದಲ ಕಪ್ಪು ವರ್ಣೀಯ ಆಟಗಾರ್ತಿಯಾದರು. ಆಗಿನ್ನೂ ಹವ್ಯಾಸಿಗಳ ಕಾಲ, ಬಹುಮಾನದ ಹಣದ ಮಾತೇ ಇರಲಿಲ್ಲ.

1968ರಲ್ಲಿ ವೃತ್ತಿಪರರಿಗೂ ಬಾಗಿಲು ತೆರೆದಾಗ ತಾರತಮ್ಯ ಅಂಕಿಗಳಲ್ಲೇ ಎದ್ದು ಕಂಡಿತು. ಪುರುಷರ ಚಾಂಪಿಯನ್ ರಾಡ್ ಲೇವರ್‌ಗೆ 2,000 ಪೌಂಡ್, ಮಹಿಳಾ ಚಾಂಪಿಯನ್ ಬಿಲ್ಲಿ ಜೀನ್ ಕಿಂಗ್‌ಗೆ 750. ಸುಮ್ಮನೆ ಕೂರದ ಕಿಂಗ್ 1973ರಲ್ಲಿ, ವಿಂಬಲ್ಡನ್‌ಗೆ ತುಸು ಮುಂಚೆ, ಲಂಡನ್ನಿನ ಹೋಟೆಲೊಂದರಲ್ಲಿ ಆಟಗಾರ್ತಿಯರನ್ನು ಒಗ್ಗೂಡಿಸಿ ಮಹಿಳಾ ಟೆನಿಸ್ ಸಂಘ (ಡಬ್ಲ್ಯುಟಿಎ) ಕಟ್ಟಿದರು. ಅದೇ ವರ್ಷ ಯು.ಎಸ್. ಓಪನ್ ಸಮಾನ ಬಹುಮಾನ ಕೊಟ್ಟಿತು. ವಿಂಬಲ್ಡನ್ ಮಾತ್ರ ಜಗ್ಗಲಿಲ್ಲ.

ಈ ನಡುವೆ ಆಟದ ವರಸೆಯೇ ಬದಲಾಗುತ್ತಿತ್ತು. ಸರ್ವ್ ಮಾಡಿ ನೆಟ್‌ಗೆ ನುಗ್ಗುವ ಮಾರ್ಟಿನಾ ನವ್ರಾಟಿಲೋವಾ ಒಂಬತ್ತು ಬಾರಿ ಗೆದ್ದರು, ಅದರಲ್ಲಿ ಆರು ಸತತವಾಗಿ. ಆ ಓಟಕ್ಕೆ 1988ರಲ್ಲಿ ತಡೆ ಹಾಕಿದ್ದು ಸ್ಟೆಫಿ ಗ್ರಾಫ್‌ರ ಫೋರ್‌ಹ್ಯಾಂಡ್. 2001ರಲ್ಲಿ ಪೂರ್ತಿ ರೈ ಹುಲ್ಲಿನ ಅಂಗಳ ಬಂದ ಮೇಲೆ ಚೆಂಡು ಎತ್ತರಕ್ಕೆ, ಒಂದೇ ಹದದಲ್ಲಿ ಪುಟಿಯತೊಡಗಿ ಬೇಸ್‌ಲೈನ್ ಆಟಕ್ಕೆ ಬಲ ಬಂತು. ವಿಲಿಯಮ್ಸ್ ಸೋದರಿಯರಾದ ವೀನಸ್ ಮತ್ತು ಸೆರೆನಾ ಅದಕ್ಕೆ ಬಿರುಸಿನ ಸರ್ವ್ ಸೇರಿಸಿದರು. ಅಕ್ಕ ವೀನಸ್ ಸಮಾನ ಬಹುಮಾನಕ್ಕಾಗಿ ಅಂಗಳದ ಹೊರಗೂ ಹೋರಾಡಿದರು. 2006ರಲ್ಲೂ ಮಹಿಳಾ ಚಾಂಪಿಯನ್‌ಗೆ 30,000 ಪೌಂಡ್ ಕಡಿಮೆಯೇ ಸಿಕ್ಕಿತ್ತು. 2007ರಲ್ಲಿ ಬಹುಮಾನ ಸಮವಾಯಿತು, ಆ ವರ್ಷ ಗೆದ್ದವರೂ ವೀನಸ್ಸೇ.

2016ರ ಸೆರೆನಾ ಗೆಲುವಿನ ನಂತರ ಏಕಚಕ್ರಾಧಿಪತ್ಯ ಮುಗಿಯಿತು. 2017ರಿಂದ 2025ರವರೆಗೆ ನಡೆದ ಎಂಟು ಟೂರ್ನಿಗಳಲ್ಲಿ ಎಂಟು ಬೇರೆ ಬೇರೆ ಚಾಂಪಿಯನ್ನರು. 2023ರಲ್ಲಂತೂ ಶ್ರೇಯಾಂಕವೇ ಇಲ್ಲದ ಮಾರ್ಕೆಟಾ ವೊಂಡ್ರುಸೋವಾ ಗೆದ್ದರು. ಮುಟ್ಟಿನ ದಿನಗಳ ಆತಂಕವನ್ನು ಪರಿಗಣಿಸಿ ಬಿಳಿ ಉಡುಪಿನ ನಿಯಮ ಸಡಿಲಿಸಿ, ಸ್ಕರ್ಟಿನ ಒಳಗೆ ಗಾಢ ಬಣ್ಣದ ಒಳಚಡ್ಡಿ ಧರಿಸುವ ಅನುಮತಿ ಜಾರಿಗೆ ಬಂದದ್ದೂ ಅದೇ ವರ್ಷ. ಆರು ಬಾರಿ ಗೆದ್ದ ಬಿಲ್ಲಿ ಜೀನ್ ಹೆಸರು ವಿಜೇತರ ಫಲಕದಲ್ಲಿ ದಶಕಗಳ ಕಾಲ ಗಂಡನ ಇನಿಷಿಯಲ್ ಹೊತ್ತು 'ಮಿಸೆಸ್ ಎಲ್.ಡಬ್ಲ್ಯು. ಕಿಂಗ್' ಎಂದೇ ಇತ್ತು. ಮಿಸ್, ಮಿಸೆಸ್‌ಗಳನ್ನು ಫಲಕದಿಂದ ಕೈಬಿಟ್ಟದ್ದು 2022ರಲ್ಲಿ. ಸಮಾನ ಹಣ ಬಂದು ಆಗಲೇ 15 ವರ್ಷ ಕಳೆದಿತ್ತು.